ಹಡಿಲು ಗದ್ದೆಯ ಕೆಡ್ಡಸ

ಹಡಿಲು ಗದ್ದೆಯನ್ನು ಯಾರಾದರೂ ಬಂಜರು ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಂಜರು ಉತ್ತರದಿಂದ ಕಂದಾಯ ಕಚೇರಿಯ ದಾರಿ ಹಿಡಿದು ಬಂದ ಮಾತು, ಏನೂ ಬೆಳೆಯದ ನೆಲಕ್ಕೆ ಹೇಳುವುದು. ಹಡಿಲು ನಮ್ಮದು. ತುಳುವಿನಲ್ಲಿ ಪಡಿಲ್ ಎನ್ನುತ್ತೇವೆ. ಹಳಗನ್ನಡದ ‘ಪಡು’, ಅಂದರೆ ಮಲಗು ಎಂಬುದೇ ಅದರ ಮೂಲವಿರಬೇಕೆಂದು ಉಡುಪಿಯ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಊಹಿಸುತ್ತಿದ್ದರು. ಉಳುವವರಿಲ್ಲದೆ ಮಲಗಿದ ಗದ್ದೆ. ಸರಿಯೋ ತಪ್ಪೋ, ನಾನು ನಂಬಿದ್ದೇನೆ.

ಎಂಬತ್ತರ ದಶಕದ ಆರಂಭದಲ್ಲಿ ಅಲೆವೂರಿನ ನಮ್ಮ ಮನೆಯ ಕೆಳಗಿನ ಗದ್ದೆ ಹಾಗೆ ಮಲಗಿತ್ತು. ಕೆಲಸದವರೆಲ್ಲ ಕಟ್ಟಡ ಕಟ್ಟಲು ಮಣಿಪಾಲಕ್ಕೆ ಹೋಗುತ್ತಿದ್ದರು. ನಮ್ಮದು ಅಳಿಯಕಟ್ಟು, ಮನೆಯ ಯಜಮಾನಿಕೆ ಅಮ್ಮನ ಅಣ್ಣ, ನನ್ನ ಮಾವನದು. ಗದ್ದೆ ಮಾರಿಬಿಡುವುದೆಂದು ಅವರು ತೀರ್ಮಾನಿಸಿದ್ದರು. ಕೂಡದೆಂದು ಹಟ ಹಿಡಿದವಳು ಅವರ ತಂಗಿ, ನನ್ನ ದೊಡ್ಡಮ್ಮ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಬಿಟ್ಟಾಗ ಅವಳನ್ನು ಕಾಪುವಿನಿಂದ ಕರೆತಂದವರು ಮಾವನೇ. ಅಂದಿನಿಂದ ಆ ಗದ್ದೆಯ ನೇಜಿ ನಾಟಿ, ಕಳೆ, ಕೊಯ್ಲು ಎಲ್ಲ ಅವಳದೇ ಆಗಿತ್ತು.

ಕೊಳ್ಳುವವರು ಘಟ್ಟದ ಮೇಲಿನವರು. ಗಡಿಗೂಟ ಹುಗಿಯಲು ಹಾರೆ ಹಿಡಿದ ಆಳುಗಳೊಂದಿಗೆ ಬಂದದ್ದು ಕೆಡ್ಡಸದ ದಿನ! ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ, ಅಗೆಯುವಂತಿಲ್ಲ, ಉಳುವಂತಿಲ್ಲ. ಕೊನೆಗೆ ಹೆಂಗಸರು ನೆಲಕ್ಕೆ ಎಣ್ಣೆ, ಅರಸಿನ ಬಿಟ್ಟು ಅವಳನ್ನು ಮೀಯಿಸುತ್ತಾರೆ.

ದೊಡ್ಡಮ್ಮ ಅಂಗಳದಿಂದಿಳಿದು ಅಡ್ಡ ನಿಂತಳು. “ಇವತ್ತು ಹಾರೆ ಹಾಕುವ ಹಾಗಿಲ್ಲ. ಅವಳು ಹೊರಗೆ ಇದ್ದಾಳೆ.”

ಬಂದವರು ನಕ್ಕರು. “ಏನಮ್ಮ, ಇದು ಬಂಜರು ಭೂಮಿ. ಬಂಜರಿಗೆಲ್ಲಿಯ ಮುಟ್ಟು?”

“ಬಂಜೆ ಅಂತ ಬಿಟ್ಟವರ ಮನೆಯಲ್ಲಿ ನಾನೂ ತಿಂಗಳು ತಿಂಗಳು ಹೊರಗೆ ಕೂತವಳೇ. ಇವಳು ಮಲಗಿದ್ದಾಳೆ, ಅಷ್ಟೇ. ಎಬ್ಬಿಸುವವರು ಬೇಕಲ್ವಾ?”

ಜಗಲಿಯಲ್ಲಿದ್ದ ಮಾವನಿಗೆ ಅದು ಕೇಳಿಸಿತು. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಅವರು ಇಳಿದು ಬಂದು, “ಗದ್ದೆ ಕೊಡುವುದಿಲ್ಲ, ನೀವು ಹೋಗಿ ಬನ್ನಿ” ಎಂದರು.

ಕೆಡ್ಡಸ ಮುಗಿಯುವ ದಿನ ದೊಡ್ಡಮ್ಮ ಅಂಗಳಕ್ಕೆ ಎಣ್ಣೆ ಬಿಟ್ಟು, ಸ್ವಲ್ಪ ಉಳಿಸಿ ಆ ಗದ್ದೆಗೂ ಬಿಟ್ಟು ಬಂದಳು. ಮಳೆ ಹಿಡಿದಾಗ ಮಾವ ಮಣಿಪಾಲಕ್ಕೆ ಹೋಗುವವರ ಕೈಕಾಲು ಹಿಡಿದು ಉಳುಮೆ ಮಾಡಿಸಿದರು. ನೇಜಿ ನೆಡಲು ನಾವೆಲ್ಲ ಇಳಿದೆವು. ನನ್ನ ಸಾಲು ಹಾವು ಹರಿದ ಹಾಗೆ ಉಂಟೆಂದು ದೊಡ್ಡಮ್ಮ ಕೊಯ್ಲಿನವರೆಗೂ ತಮಾಷೆ ಮಾಡಿದಳು.

ಹೊಸ ತೆನೆ ತಂದು ಮನೆಯ ಕಂಬಗಳಿಗೆ, ಬಾಗಿಲಿಗೆ ಕಟ್ಟುವ ದಿನ ಬಂತು. ಮಾವ ಕೆಳಗಿನ ಗದ್ದೆಯ ತೆನೆಗಳನ್ನೇ ತಲೆಯ ಮೇಲೆ ಹೊತ್ತು ತಂದರು. ಮೊದಲು ದೇವರ ಮುಂದೆ ಇಡುವುದು ಕ್ರಮ. ಅವರು ನೇರವಾಗಿ ದೊಡ್ಡಮ್ಮನ ಬಳಿ ಬಂದು ನಿಂತರು.

“ಸೆರಗು ಹಿಡಿ ಮಾರಾಯ್ತಿ. ದೇವರಿಗೆ ಆಮೇಲೆ.”

ದೊಡ್ಡಮ್ಮನ ಮಡಿಲು ತುಂಬಿತು.