ಎಡಗಾಲಿನ ಅಳತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಲಿನಲ್ಲಿರಬೇಕಾದ ಬಲವೆಲ್ಲ ನಾಲಿಗೆಗೆ ಬಂದಿದೆ ಎಂದು ಅವ್ವ ಹೇಳುತ್ತಿದ್ದಳು. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಹೋದ ಮೇಲೆ ಬಲಗಾಲಿನಲ್ಲಿ ಅಷ್ಟಿಷ್ಟು ಶಕ್ತಿ ಉಳಿದಿತ್ತು, ಎಡಗಾಲು ಹೆಸರಿಗೆ ಮಾತ್ರ ಕಾಲು. ಆದರೆ ಸೀರೆ ಇಳಿಬಿಟ್ಟು ಉಟ್ಟು, ಬಗಲಿಗೆ ಊರುಗೋಲು ಕೊಟ್ಟುಕೊಂಡು ನಿಧಾನವಾಗಿ ನಡೆದರೆ, ನೋಡಿದವರಿಗೆ ಸ್ವಲ್ಪ ಕುಂಟು ಎಂದಷ್ಟೇ ಅನ್ನಿಸಬೇಕು. ಮುಚ್ಚಿಡುವ ವಿದ್ಯೆಯನ್ನು ನಾನು ಅಷ್ಟು ಚೆನ್ನಾಗಿ ಕಲಿತಿದ್ದೆ.

ಅಪ್ಪ ಗುಲಬರ್ಗಾ ಕಡೆಯಿಂದ ಪುಣೆಗೆ ಬಂದ, ಕಟ್ಟಡ ಕಟ್ಟುವ ಗೌಂಡಿ. ಸದಾಶಿವ ಪೇಠದಲ್ಲಿ ಹತ್ತಾರು ಬಾಡಿಗೆ ಸಂಸಾರಗಳಿದ್ದ ಒಂದು ಹಳೆಯ ವಾಡೆಯ ಹಿಂಬದಿಯ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಎರಡು ಗಲ್ಲಿ ಆಚೆ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಅಪ್ಪ ದಿನಾ ಬೆಳಿಗ್ಗೆ ನನ್ನನ್ನು ಎತ್ತಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಕ್ಲಾಸಿನ ಬಾಗಿಲಲ್ಲಿ ಇಳಿಸಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಇಪ್ಪತ್ತಾರು ವರ್ಷದ ಹೆಂಗಸನ್ನು ಕೂಸಿನಂತೆ ಎತ್ತುವುದನ್ನು ಇಡೀ ವಾಡೆ ನೋಡುತ್ತಿತ್ತು. ನನಗೆ ದಿನಕ್ಕೆರಡು ಸಲ ಸತ್ತು ಹುಟ್ಟಿದಂತಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ಊರಾಚೆಯ ನಿಗಡಿಯ ಹೊಸ ಶಾಲೆಯೊಂದರಲ್ಲಿ ಕಾಯಂ ಕೆಲಸ ಸಿಕ್ಕಿತು. ಮುಂದಿನ ಜೂನ್‌ಗೆ ಬಂದು ಸೇರಿ ಎಂದರು ಮುಖ್ಯೋಪಾಧ್ಯಾಯಿನಿ. ಅಷ್ಟು ದೂರ ಅಪ್ಪನ ಸೈಕಲ್ ಹೋಗುವಂತಿರಲಿಲ್ಲ, ಬಸ್ಸಿನ ಮೆಟ್ಟಿಲು ನನ್ನ ಪಾಲಿಗೆ ಸಿಂಹಗಡದ ಕೋಟೆ. ಆಗ ಅಪ್ಪನ ಗುತ್ತಿಗೆದಾರರು ತಮ್ಮ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಪುಟ್ಟ ಕಾರೊಂದನ್ನು, ಒಯ್ಯಿ, ಮಗಳಿಗೆ ಸರಿ ಮಾಡಿಸಿ ಕೊಡು ಎಂದು ಕೊಟ್ಟುಬಿಟ್ಟರು. ಎಂಜಿನ್ ಗಟ್ಟಿ ಇತ್ತು. ಮೈ ಮಾತ್ರ ಜರಡಿ.

ಹಳೆಯ ಗಾಡಿಗಳಿಗೆ ಹೊಸ ಮೈ ಕಟ್ಟಿಕೊಡುವವರೊಬ್ಬರು ನದಿಯ ಆಚೆ ತಗಡಿನ ಶೆಡ್ಡಿನಲ್ಲಿದ್ದರು. ಹುಬ್ಬಳ್ಳಿ ಕಡೆಯ ಕಮ್ಮಾರರು. ಎಲ್ಲರಂತೆ ನಾವೂ ಅವರನ್ನು ಕಾಕಾ ಎಂದೇ ಕರೆದೆವು. ಒಂದು ಸಲಕ್ಕೆ ಒಂದೇ ಗಾಡಿ ಹಿಡಿಯುವುದು, ಅದನ್ನು ಓಡಿಸುವವರ ಮೈಗೆ ಹೊಂದುವಂತೆ ಕಟ್ಟುವುದು ಅವರ ಪದ್ಧತಿ. ದರ್ಜಿಯ ಹಾಗೆ ಟೇಪು ಹಿಡಿದು ನನ್ನ ತೋಳು, ಬೆನ್ನು, ಮೊಣಕಾಲಿನ ಎತ್ತರ ಎಲ್ಲ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಕೊನೆಗೆ ಕೇಳಿದರು:

“ಅಕ್ಕೋರ, ಎಡಗಾಲಿಂದ ಕ್ಲಚ್ ಒತ್ತಲಿಕ್ಕೆ ಆಗತದೇನ್ರಿ?”

“ಹಗುರ ಮಾಡಿ ಕೊಟ್ರ ಆಗತದ್ರಿ,” ಎಂದೆ.

ಅಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಮೂರನೇ ವಯಸ್ಸಿನಿಂದ ನನ್ನ ಮಾತು ಕೇಳದ ಕಾಲು ಅದು, ಬೆರಳು ಸಹ ಅಲುಗಾಡದು. ಆದರೆ ಪರಿಚಯವಿಲ್ಲದ ಗಂಡಸಿನ ಮುಂದೆ ಅದನ್ನು ಹೇಳುವುದಕ್ಕಿಂತ, ಕಾರು ಬಂದ ಮೇಲೆ ಹೇಗೋ ನೋಡಿಕೊಂಡರಾಯಿತು ಎಂದುಕೊಂಡೆ. ಗಣಿತ ಕಲಿಸುವವಳ ಲೆಕ್ಕ ಇದು!

ದೀಪಾವಳಿಗೆ ಕೊಡುತ್ತೇನೆ ಎಂದರು, ಸಂಕ್ರಾಂತಿಗೆ ಎಂದರು. ನಾಳೆ ಎಂದವನ ಮನೆ ಹಾಳು ಎಂದು ಅವರೆದುರೇ ಹೇಳಿದೆ. ಅವರು ನಕ್ಕು ಸುತ್ತಿಗೆ ಎತ್ತಿಕೊಂಡರು. ದುಡ್ಡು ಕಟ್ಟಿ ಸ್ಕೂಟರಿಗೇ ವರ್ಷಗಟ್ಟಲೆ ಸರದಿ ಕಾಯುವ ಊರಿನಲ್ಲಿ ನನ್ನ ದೂರು ಕೇಳುವವರೂ ಇರಲಿಲ್ಲ. ಆದರೆ ನಿಜ ಹೇಳಬೇಕೆಂದರೆ, ಬೈಯಲು ಹೋದವಳು ಪ್ರತಿ ಸಲ ಬಾಯಿ ತೆರೆದು ನೋಡುತ್ತ ನಿಂತುಬಿಡುತ್ತಿದ್ದೆ. ಮರಳು ತುಂಬಿದ ಚೀಲದ ಮೇಲೆ ಸಪಾಟು ತಗಡು ಇಟ್ಟು, ಮರದ ಸುತ್ತಿಗೆಯಿಂದ ಸಣ್ಣಗೆ ಬಡಿಯುತ್ತ ಹೋಗುತ್ತಿದ್ದರು. ನಡುನಡುವೆ ಕಣ್ಣು ಮುಚ್ಚಿ ಅಂಗೈಯಿಂದ ಸವರುವರು. ನೋಡುನೋಡುತ್ತಿದ್ದಂತೆ ತಗಡಿಗೆ ಭುಜ ಬರುತ್ತಿತ್ತು, ಹೊಟ್ಟೆ ಬರುತ್ತಿತ್ತು. ಯಂತ್ರವಿಲ್ಲ, ಅಚ್ಚು ಇಲ್ಲ. ಎಡಗಡೆಯ ಬಾಗು ಬಲಗಡೆಯ ಬಾಗಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ನನ್ನ ಸಿಟ್ಟು ಮನೆಗೆ ಬಂದ ಮೇಲೆ ನೆನಪಾಗುತ್ತಿತ್ತು.

ಯುಗಾದಿಯ ಹೊತ್ತಿಗೆ ಕಾರು ನಿಂತಿತ್ತು. ಬಣ್ಣವೊಂದು ಬಾಕಿ. ಆ ದಿನ ಖುಷಿಯಲ್ಲಿ ಅದನ್ನು ಸುತ್ತಿ ಸುತ್ತಿ ನೋಡಿ ಬಂದೆ. ಮುಂದಿನ ವಾರ ಹೋದರೆ ಒಳಗಿನದೆಲ್ಲ ಕಿತ್ತು ನೆಲದ ಮೇಲೆ ಹರಡಿದೆ! ಸೀಟಿಲ್ಲ, ಪೆಡಲಿಲ್ಲ, ಮುಂದಿನ ನೆಲದ ತಗಡನ್ನೂ ಕತ್ತರಿಸಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೇ ದೊಣ್ಣೆ ಹಿಡಿದಿದ್ದ. ನಾನು ಏನೇನು ಅಂದೆನೋ ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ತಪ್ಪು ನಂದರಿ ಅಕ್ಕೋರ,” ಎಂದರು ಕಾಕಾ. “ಅಳತಿ ತಗೊಳ್ಳಾಗ ತಪ್ಪೀನಿ. ಮತ್ತ ಮಾಡಿಕೊಡ್ತೀನ್ರಿ.”

ಜೂನ್ ಹೋಯಿತು. ಮುಖ್ಯೋಪಾಧ್ಯಾಯಿನಿ ಬೇರೆಯವರನ್ನು ತಾತ್ಕಾಲಿಕವಾಗಿ ಹಾಕಿಕೊಂಡು, ಇನ್ನೊಂದು ವರ್ಷ ಕಾಯುತ್ತೇನೆ, ಅದಾದ ಮೇಲೆ ಕೆಲಸ ನಿಮ್ಮದಲ್ಲ ಎಂದು ಪತ್ರ ಬರೆದರು. ನಾನು ಮತ್ತೆ ಸೈಕಲ್ಲಿನ ಕ್ಯಾರಿಯರ್ ಏರಿದೆ. ಅಪ್ಪನಿಗೆ ಸೊಂಟ ಹಿಡಿಯತೊಡಗಿತ್ತು. ನನ್ನನ್ನು ಎತ್ತುವಾಗ ಅವರ ಹಲ್ಲು ಕಚ್ಚುವ ಸದ್ದು ನನ್ನ ಕಿವಿಯ ಹತ್ತಿರವೇ ಕೇಳಿಸುತ್ತಿತ್ತು.

ಮಳೆಗಾಲ ಹೋಗಿ ಚಳಿಗಾಲವೂ ಮುಗಿಯಿತು, ಕಾರು ಬರಲಿಲ್ಲ. ಕಾಕಾ ಅಮಾವಾಸ್ಯೆಯ ದಿನ ಕೆಲಸ ಮಾಡುತ್ತಿರಲಿಲ್ಲ. ಸುತ್ತಿಗೆ, ಇಕ್ಕಳ, ಅರ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು ಸುಮ್ಮನೆ ಕೂತಿರುತ್ತಿದ್ದರು. ಸುತ್ತಿಗೆಯ ಸದ್ದಿನಲ್ಲಿ ನನ್ನ ಬೈಗುಳ ಸರಿಯಾಗಿ ಮುಟ್ಟುವುದಿಲ್ಲವೆಂದು, ಏಪ್ರಿಲ್‌ನಲ್ಲಿ ಬೇಕೆಂದೇ ಅಮಾವಾಸ್ಯೆಯ ದಿನ ಹೋದೆ. ನನ್ನ ಕೆಲಸ ಹೋದರೆ ನೀವೇ ಕಾರಣ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, “ಒಳಗ ಕುಂತು ನೋಡ್ರಿ,” ಎಂದರು.

ಬಾಗಿಲು ಅಗಲವಾಗಿ ತೆರೆಯಿತು. ಸೀಟು ಸರಿಯಾಗಿ ನನ್ನ ಸೊಂಟದ ಎತ್ತರಕ್ಕಿತ್ತು. ಯಾರೂ ಎತ್ತದೆ, ಕೂತು ಒಳಗೆ ತಿರುಗಿದೆ. ಬಲಗಾಲಿನ ಮುಂದೆ ಎರಡು ಪೆಡಲ್. ಎಡಗಾಲಿನ ಮುಂದೆ ಏನೂ ಇಲ್ಲ. ಅಲ್ಲಿ ಚರ್ಮ ಹೊದಿಸಿದ ಒಂದು ತಗ್ಗು, ನನ್ನ ಪಾದದಷ್ಟೇ ಅಳತೆ. ಕಾಲು ವಾಲದಂತೆ ಪಕ್ಕದಲ್ಲಿ ಮೆತ್ತನೆಯ ಆಸರೆ. ಗೇರಿನ ಕೋಲಿಗೆ ಸ್ಕೂಟರಿನ ಕ್ಲಚ್ ಹಿಡಿಯಂಥದ್ದೊಂದು ಜೋಡಿಸಿದ್ದರು. ಅದನ್ನು ಬೆರಳಿಂದ ಹಿಂಡಿ, ಅದೇ ಕೈಯಿಂದ ಗೇರು ಹಾಕಬೇಕು. ಹಿಂಡಿದೆ. ನಿಂಬೆಹಣ್ಣು ಹಿಂಡುವಷ್ಟು ಬಲ ಸಾಕಾಯಿತು.

ಹಿಡಿಯ ಮೇಲಿಂದ ಕೈ ತೆಗೆಯದೆ ಕೇಳಿದೆ: “ಯಾವಾಗ ಗೊತ್ತಾತ್ರಿ?”

“ಹ್ವಾದ ವರ್ಷ ಯುಗಾದಿಗೆ. ನಾ ಮೂಲಿ ಮ್ಯಾಲ ಚಾ ಕುಡೀಲಿಕ್ಕೆ ನಿಂತಿದ್ದೆ. ನಿಮ್ಮಪ್ಪಾರು ಸೈಕಲ್ ಮ್ಯಾಲಿಂದ ಇಳಿಸಲಿಕ್ಕೆ ಹತ್ತಿದ್ರು. ನೀವು ಎರಡೂ ಕೈಲೆ ಎಡಗಾಲ ಎತ್ತಿ ನೆಲಕ್ಕ ಇಟ್ರಿ.”

ಯಾರೂ ನೋಡಬಾರದೆಂದು ಶೆಡ್ಡಿನ ಮುಂದೆ ಇಳಿಯದೆ, ಮೂಲೆಯಲ್ಲೇ ಸೈಕಲ್ ನಿಲ್ಲಿಸುವಂತೆ ಅಪ್ಪನಿಗೆ ಹೇಳುತ್ತಿದ್ದವಳು ನಾನೇ.

ಆ ವಾರವೇ ಅವರು ಮಾಡಿದ್ದನ್ನೆಲ್ಲ ಕಿತ್ತಿದ್ದರು. ಇಡೀ ವರ್ಷ ಹೋದದ್ದು ಆ ಹಿಡಿಯನ್ನು ಹಗುರ ಮಾಡುವುದರಲ್ಲಿ. ತಂತಿ ಎಷ್ಟು ಸಲ ಹರಿಯಿತೋ ಅವರಿಗೂ ಲೆಕ್ಕವಿರಲಿಲ್ಲ. ತಮ್ಮ ಎಡಗಾಲನ್ನು ಮಡಚಿ ಟವೆಲ್ಲಿನಿಂದ ಸೀಟಿಗೆ ಕಟ್ಟಿಕೊಂಡು, ಶೆಡ್ಡಿನ ಹಿಂದಿನ ಬಯಲಿನಲ್ಲಿ ಓಡಿಸಿ ನೋಡಿ, ಮತ್ತೆ ಬಿಚ್ಚುತ್ತಿದ್ದರಂತೆ.

“ನನಗ್ಯಾಕ ಹೇಳಲಿಲ್ರಿ? ವರ್ಷಪೂರ್ತಿ ಬೈಸಿಕೊಂಡ್ರಿ.”

“ನಿಮಗ ಸುಳ್ಳು ಹೇಳೀರಿ ಅನ್ಲೇನ್ರಿ?” ಎಂದರು ಕಾಕಾ. “ಅಳತಿ ತಪ್ಪಿದ್ರ ಅದು ತಗೊಂಡವನ ತಪ್ಪರಿ.”

ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿಗಳಲ್ಲಿ ಎಡಗಾಲಿನ ಸಾಲು ಮಾತ್ರ ಅಳಿಸಿತ್ತು. ಇಷ್ಟು ದೊಡ್ಡ ಮನುಷ್ಯನ ಎದುರು ಕೂತಿದ್ದೇನೆ ಎಂದು ಒಂದು ರೀತಿಯ ಭಯವೇ ಆಯಿತು. ಅಂಥವರನ್ನು ನಾನು ಆಮೇಲೂ ನೋಡಿಲ್ಲ. ಕ್ಷಮಿಸಿ ಎನ್ನಲು ಹೋದೆ, ಅಳು ಬಂತು. ಅವರು ಎದ್ದು ಹೋಗಿ ಒಡೆದ ಕಾಯಿಯ ಚೂರು ತಂದು ಕೈಗಿಟ್ಟರು.

ಓಡಿಸಲು ಕಲಿಸಿದವರೂ ಅವರೇ. ಜೂನ್‌ನಲ್ಲಿ ಶಾಲೆ ತೆರೆದ ದಿನ ಒಬ್ಬಳೇ ನಿಗಡಿಗೆ ಹೋದೆ. ದಾರಿಯುದ್ದಕ್ಕೂ ಲಾರಿಗಳ ನಡುವೆ ಹಿಡಿ ಹಿಂಡಿ ಹಿಂಡಿ ಗೇರು ಬದಲಿಸಿದೆ. ಎಡಗಾಲು ತನ್ನ ಜಾಗದಲ್ಲಿ ಆರಾಮಾಗಿ ಕೂತಿತ್ತು.

ಮುಖ್ಯೋಪಾಧ್ಯಾಯಿನಿ ವೇಳಾಪಟ್ಟಿ ಕೊಟ್ಟು, ನನ್ನ ತರಗತಿ ಎರಡನೇ ಮಹಡಿಯಲ್ಲಿದೆ, ಮೆಟ್ಟಿಲು ಹತ್ತಲು ತೊಂದರೆ ಇಲ್ಲವಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ, ಏನೂ ತೊಂದರೆಯಿಲ್ಲ ಎಂಬ ಮಾತು ಅಭ್ಯಾಸಬಲದಿಂದ ತುಟಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿದೆ.

“ನನ್ನ ಎಡಗಾಲಿಗೆ ಶಕ್ತಿಯೇ ಇಲ್ಲ,” ಎಂದೆ. “ಕೆಳಗಡೆ ಒಂದು ಕೋಣೆ ಕೊಡಿ.”

ಅವರು ಪಟ್ಟಿಯಲ್ಲಿ ಒಂದು ಸಾಲು ಹೊಡೆದುಹಾಕಿ, ಗೇಟಿನ ಪಕ್ಕದ ಕೋಣೆಯ ಬೀಗದ ಕೈ ತೆಗೆದು ಕೊಟ್ಟರು.