ಸೀಮೆ ಮೊಲ ಮತ್ತು ಚಿಕ್ಕಬೀರಪ್ಪನ ಕೈ

ಕುಂದಾಣದ ಸುತ್ತಮುತ್ತ ಮೊಲದ ಬಲೆ ಹಾಕುವುದರಲ್ಲಿ ಚಿಕ್ಕಬೀರಪ್ಪನನ್ನು ಮೀರಿಸಿದವರಿರಲಿಲ್ಲ. ಅವನು ಮನೆಯಲ್ಲಿ ಕೆಮ್ಮಿದರೆ ಸಾಕು, ಗುಡ್ಡದ ಮೊಲಗಳು ಮಕ್ಕಳುಮರಿ ಕಟ್ಟಿಕೊಂಡು ಹೊಸಕೋಟೆ ತಾಲ್ಲೂಕಿಗೆ ಗುಳೆ ಹೋಗುತ್ತಿದ್ದವು. ಬಲೆಗೆ ಬಿದ್ದದ್ದನ್ನು ಎರಡೂ ಕಿವಿ ಹಿಡಿದು ಮೇಲಕ್ಕೆತ್ತುವುದು, ಕಾಲು ಝಾಡಿಸುವುದರೊಳಗೆ ಕತ್ತು ಮುರಿಯುವುದು. ಅವನಪ್ಪ ಕಲಿಸಿದ್ದು ಇಷ್ಟೇ. ನಲವತ್ತು ವರ್ಷ ಆ ಕೈ ಬೇರೇನನ್ನೂ ಕಲಿಯಲಿಲ್ಲ.

ಹೆಂಡತಿ ಕದಿರಮ್ಮ ಅವನೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು ಮುನಿರತ್ನಮ್ಮನಿಗೆ ಪ್ಲೇಗಿನ ಜ್ವರ ಏರಿದಾಗ ಅವನು ಬೇಟೆಯ ಗುಂಪಿನೊಂದಿಗೆ ಗುಡ್ಡದಲ್ಲಿದ್ದ. ನಾಲ್ಕು ಮೊಲ ಹೆಗಲಿಗೆ ನೇತುಹಾಕಿಕೊಂಡು ಬರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಅಂದಿನಿಂದ ಕದಿರಮ್ಮ ಹೊತ್ತುಹೊತ್ತಿಗೆ ಮುದ್ದೆ ಇಡುತ್ತಿದ್ದಳು, ಮಾತಿಲ್ಲ. ಆ ಮನೆಯ ಮೌನಕ್ಕೆ ಹೆದರಿ ಗೋಡೆಯ ಹಲ್ಲಿ ಕೂಡ ಲೊಚಗುಟ್ಟಬೇಕಾದರೆ ಬೀದಿಗೆ ಹೋಗಿ ಬರುತ್ತಿತ್ತು.

ಅದು ಯುದ್ಧದ ಕಾಲ. ದೇವನಹಳ್ಳಿ ರಸ್ತೆಯಲ್ಲಿ ಡೇರೆ ಹೊಡೆದಿದ್ದ ಪಟಾಲಮ್ಮಿನ ಅಡುಗೆಯವನೊಬ್ಬ ಆರು ಕಾಡುಮೊಲಕ್ಕೆ ಬದಲಾಗಿ ಒಂದು ಜೊತೆ ಬಿಳಿ ಸೀಮೆ ಮೊಲ ಕೊಟ್ಟ. ಸಾರು ಮಾಡಲೆಂದೇ ಅವನು ಮನೆಗೆ ತಂದಿದ್ದ. ಕದಿರಮ್ಮ ಅವನ್ನು ಕಿತ್ತುಕೊಂಡು ಮಂಕರಿಯೊಳಗಿಟ್ಟಳು. ಮೂರನೆಯ ದಿನ ಹೆಣ್ಣುಮೊಲವನ್ನು ಮಡಿಲಲ್ಲಿಟ್ಟುಕೊಂಡು ಬಾಯಿಬಿಟ್ಟಳು.

"ಆವಯ್ಯನ್ನ ಕೇಳಮ್ಮಿ, ರಾಗಿ ಬೀಸಿಸ್ಕೊಂಡ್ ಬಂದ್ನಾ ಅಂತ."

ಚಿಕ್ಕಬೀರಪ್ಪನ ಕೈಲಿದ್ದ ಚೊಂಬು ಜಾರಿತು. ಮೊಲದ ಮುಂದೆ ಕುಕ್ಕರಗಾಲಲ್ಲಿ ಕೂತು, "ತಂದಿವ್ನಿ ಅಂತ ಹೇಳಮ್ಮಿ" ಎಂದ.

ಹೀಗೆ ಸಂಸಾರ ಮತ್ತೆ ಶುರುವಾಯಿತು. ಉಪ್ಪು, ಸೌದೆ, ಮಳೆ, ಎಲ್ಲವೂ ಮೊಲದ ಮೂಲಕ. ಎದುರುಮನೆಯ ಆಂಜಿನಪ್ಪ ಜಗಲಿಯಿಂದಲೇ ಕೆಣಕಿದ: "ಏನ್ಲಾ ಬೀರ, ಹೆಂಡ್ತಿ ತಾವ ಮಾತಾಡಕ್ಕೆ ಮೊಲನ್ನ ವಕೀಲ್ನಾಗಿ ಮಡೀಕಂಡಿದೀಯಂತೆ?"

"ಹೂಂ ಕಣಣ್ಣ. ಫೀಜು ಒಂದಿಡಿ ಗರಿಕೆ. ನಿನ್ನ ಜಮೀನಿನ ವಕೀಲನಂಗೆ ಹೋರಿ ಕೇಳಾಕಿಲ್ಲ."

ಕದಿರಮ್ಮ ಮೊಲವನ್ನು ಎತ್ತುವ ರೀತಿಯೇ ಬೇರೆ. ಮೊದಲು ನೆಲಕ್ಕೆ ಕೂತು ಕೈ ಮೂಸಲು ಬಿಡುವಳು. ಆಮೇಲೆ ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ ಕೊಟ್ಟು, ನಾಲ್ಕೂ ಕಾಲು ತನ್ನ ಮೈಗೆ ಒತ್ತುವಂತೆ ಅಪ್ಪಿಕೊಳ್ಳುವಳು. ಚಿಕ್ಕಬೀರಪ್ಪ ದಿನಾ ನೋಡುತ್ತಿದ್ದ. ಹೆಂಗಸರ ಮುದ್ದು ಎಂದುಕೊಂಡನೇ ಹೊರತು, ಮೊಲ ಹಿಡಿಯುವುದರಲ್ಲಿ ತನಗೆ ತಿಳಿಯದ್ದೇನಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಹೆಣ್ಣುಮೊಲ ಮಂಕರಿಯಿಂದ ನೆಗೆದು ಹಿತ್ತಲಿಗೆ ಓಡಿತು. ಬೇಲಿ ಸಂದಿಯಿಂದ ನಾಯಿ ನುಗ್ಗಿತು. ಚಿಕ್ಕಬೀರಪ್ಪ ಎರಡೇ ನೆಗೆತಕ್ಕೆ ಹೋಗಿ, ನಾಯಿಯ ಮೂತಿಯಡಿಯಿಂದ ಮೊಲದ ಕಿವಿ ಹಿಡಿದು ಮೇಲಕ್ಕೆತ್ತಿದ. ಉಳಿಸಿದೆ ಎಂದೇ ಎತ್ತಿದ. ಮೊಲ ಗಾಳಿಯಲ್ಲಿ ಮೈ ತಿರುಚಿ ಹಿಂಗಾಲು ಝಾಡಿಸಿತು. ಲಟಕ್ಕೆಂದಿತು.

ಆ ಸದ್ದು ಅವನಿಗೆ ನಲವತ್ತು ವರ್ಷದ ಪರಿಚಯ. ಅದನ್ನು ಕೇಳಿದಾಗೆಲ್ಲ ಅವನಿಗೆ ಹಸಿವಾಗುತ್ತಿತ್ತು. ಈ ಸಲ ಅವನು ಕಿವಿ ಬಿಟ್ಟು ಮೊಲವನ್ನು ಮೆಲ್ಲಗೆ ನೆಲಕ್ಕಿಳಿಸಿದ.

ಮುರಿದದ್ದು ಬೆನ್ನು. ಸೊಂಟದ ಕೆಳಗೆ ಜೀವವಿರಲಿಲ್ಲ. ಕದಿರಮ್ಮ ಬಟ್ಟೆಯ ತುದಿಯಿಂದ ನೀರು ಹನಿಸುತ್ತ ಮೂರು ದಿನ ಕೂತಳು. ಕತ್ತು ಮುರಿದು ನೋವು ಕಳೆಯುವುದು ಅವನಿಗೆ ಗೊತ್ತಿತ್ತು; ಹಾಗೆಂದು ಹೇಳುವ ಧೈರ್ಯವಿರಲಿಲ್ಲ, ಹೇಳಿಸಬೇಕಾದ ಮೊಲವೇ ಬೆನ್ನು ಮುರಿದು ಬಿದ್ದಿತ್ತು. ನಾಲ್ಕನೆಯ ದಿನ ಅದು ಸತ್ತಿತು.

ಗಂಡು ಮೊಲ ಜೊತೆಯಿಲ್ಲದೆ ಮೇವು ಮುಟ್ಟದೆ ಮೂಲೆ ಸೇರಿತು. ಚಿಕ್ಕಬೀರಪ್ಪ ಗರಿಕೆ ಹಿಡಿದು ಹೋದರೆ ಅವನ ಕೈಯ ವಾಸನೆಗೇ ಗೋಡೆಗೆ ಡಿಕ್ಕಿ ಹೊಡೆಯುತ್ತಿತ್ತು. ಅವನು ಕೈಗೆ ಸೀಗೆಪುಡಿ ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ. ಇನ್ನಷ್ಟು ತಿಕ್ಕಿದ್ದರೆ ಮೂಳೆಯೇ ಹೊರಗೆ ಬಂದು ನಮಸ್ಕಾರ ಮಾಡುತ್ತಿತ್ತೇನೋ. ಕೊನೆಗೆ ನೆಲದ ಮೇಲೆ ಅಂಗೈ ಮೇಲೆಮಾಡಿ ಇಟ್ಟು ಸುಮ್ಮನೆ ಕೂತ. ಎರಡು ದಿನ ಕೂತ.

ಮೂರನೆಯ ಬೆಳಿಗ್ಗೆ ಕದಿರಮ್ಮ ಮೊಲವನ್ನು ತಂದು ಅವನ ಎದೆಗೆ ಒರಗಿಸಿದಳು. ಅವನ ಎಡಗೈ ಎಳೆದು ಅದರ ಎದೆಯಡಿ, ಬಲಗೈ ಹಿಂಭಾಗದಡಿ ಇಟ್ಟಳು. ಅವನ ಮುಖವನ್ನೇ ನೋಡಿದಳು.

"ಬಿಗೀಬೇಡ. ಕಾಲು ತೇಲಾಡಬಾರ್ದು. ನಿನ್ನ ಮೈಮೇಲೇ ಇರ್ಲಿ."

"ಕದಿರಿ..." ಎಂದ ಅವನು.

"ನಿನ್ ತಾವ ಮಾತಾಡ್ಬೇಕು ಅಂತ ಅಲ್ಲ. ಇದೂ ಸಾಯ್ಬಾರ್ದು ಅಂತ."

ಇಷ್ಟು ಹೇಳಿ ಒಲೆಯ ಕಡೆ ಹೋದಳು. ಮೊಲದ ಎದೆ ಅವನ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ತನ್ನ ಕಾಲು ಜೋಮು ಹಿಡಿದರೂ ಅವನು ಅಲುಗಾಡಲಿಲ್ಲ.