ವರ್ಲೀನಳ ಹೊಸ ಸ್ಕೀ

ಆ ಬೇಸಿಗೆ ಪೂರ್ತಿ ನಾವು ಒಂದು ಸ್ಕೀಯನ್ನು ಬೈದೆವು. ನೀರಿನ ಮೇಲೆ ಜಾರುವ ಹಲಗೆ, ಬಾಯಿಲ್ಲದ ವಸ್ತು, ಪಾಪ, ಬೈಸಿಕೊಂಡಿತು. ಈಗ ಅದು ನಮ್ಮ ದೋಣಿಮನೆಯ ಗೋಡೆಗೆ ಒರಗಿ ನಿಂತಿದೆ. ನನ್ನ ತಂಗಿ ವರ್ಲೀನ್ ಹೋಗಿ ಎರಡು ಚಳಿಗಾಲ ಕಳೆದವು. ಆ ಸ್ಕೀಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ.

ವರ್ಲೀನ್ ಊರಿನ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ಮಕ್ಕಳಿಗೆ ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟು, ಅದರ ಮೇಲೆ ಗ್ರೇವಿ, ಶುಕ್ರವಾರ ಮೀನು. ಬೆಳಿಗ್ಗೆ ಕೆರೆಗೆ ಇಳಿಯದೆ ಅವಳು ಕೆಲಸಕ್ಕೆ ಹೋದದ್ದು ನಾನು ಕಾಣೆ. ತಲೆಗೆ ಹಾಕುವ ಬಲೆಯ ಕೆಳಗೆ ಕೂದಲು ಯಾವಾಗಲೂ ಒದ್ದೆ. ಈ ಟ್ಯಾಲಿ ಕೆರೆಯಲ್ಲಿ ಅಪ್ಪ ನಮ್ಮಿಬ್ಬರಿಗೂ ಸ್ಕೀ ಕಲಿಸಿದ್ದ. ಮೂಗಿಗೆ ನೀರು ಹೋಗುವುದು ನನಗೆ ಆಗದು, ನಾನು ದೋಣಿಯ ಸ್ಟೀರಿಂಗ್ ಹಿಡಿದೆ. ಅವಳು ಹಿಂದೆ ದೋಣಿ ಎಳೆಯುವ ಹಗ್ಗ ಹಿಡಿದಳು. ನಡುವೆ ಅವಳಿಗೊಬ್ಬ ಗಂಡ ಬಂದ, ಹೋದ. ಅವಳು ಹಗ್ಗ ಬಿಡಲಿಲ್ಲ, ನಾನು ಸ್ಟೀರಿಂಗ್ ಬಿಡಲಿಲ್ಲ.

ಆಟವೇನೋ ಕೇಳಲು ಸುಲಭ. ದೋಣಿ ನಡುವಿನಲ್ಲಿ ನೆಟ್ಟಗೆ ಹೋಗಬೇಕು. ಬಲಕ್ಕೆ ಮೂರು, ಎಡಕ್ಕೆ ಮೂರು ಚೆಂಡುಗಳು ತೇಲುತ್ತಿರುತ್ತವೆ. ಹಿಂದೆ ಹಗ್ಗ ಹಿಡಿದವಳು ಒಂದೇ ಸ್ಕೀಯ ಮೇಲೆ ಆ ಬದಿಯಿಂದ ಈ ಬದಿಗೆ ಹರಿದು, ಬಲಕ್ಕೊಂದು ಎಡಕ್ಕೊಂದು ಎಂದು ಆರನ್ನೂ ಸುತ್ತಿ ಬರಬೇಕು. ಹಗ್ಗದಲ್ಲಿ ಅಳತೆಗೊಂದು ಬಣ್ಣದ ಕುಣಿಕೆ ಇರುತ್ತದೆ; ಆರೂ ಸುತ್ತಿ ಬಂದರೆ ಹಗ್ಗವನ್ನು ಒಂದು ಕುಣಿಕೆ ಗಿಡ್ಡ ಮಾಡುತ್ತಾರೆ. ಹಗ್ಗ ಗಿಡ್ಡವಾದಷ್ಟೂ ಚೆಂಡು ದೂರವಾಗುತ್ತದೆ. ವರ್ಲೀನ್ ಹಸಿರು ಕುಣಿಕೆಗೆ ಬಂದು ನಿಂತುಬಿಟ್ಟಿದ್ದಳು. ಆ ಅಳತೆಯಲ್ಲಿ ಐದು ಚೆಂಡು ಸುತ್ತುವಳು, ಆರನೆಯದು ಸಿಗದು. ವರ್ಷಗಟ್ಟಲೆ ಇದೇ ಕಥೆ. ಅವಳು ಜೀವನದಲ್ಲಿ ಬಾಯಿಬಿಟ್ಟು ಬೇಕೆಂದದ್ದು ಆ ಆರನೆಯ ಚೆಂಡು ಒಂದನ್ನೇ.

ಅದಕ್ಕೇ ಆ ವಸಂತದಲ್ಲಿ ಹೊಸ ಸ್ಕೀ ತಂದಳು. ಅದರ ಹಿಂಬದಿಯ ಪುಟ್ಟ ಲೋಹದ ರೆಕ್ಕೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದರೂ ಅದು ನೀರಿನಲ್ಲಿ ತಿರುಗುವ ರೀತಿಯೇ ಬದಲಾಗುತ್ತದೆ. ಆ ಕೆಲಸಕ್ಕೆ ನಮ್ಮಲ್ಲಿ ಹಾರ್ಲನ್ ಪ್ರುಯಿಟ್ ಇದ್ದ. ನನ್ನ ಜೊತೆ ಶಾಲೆಗೆ ಹೋದವನು, ಏರ್ ಕಂಡೀಷನರ್ ರಿಪೇರಿ ಮಾಡಿ ನಿವೃತ್ತನಾದವನು. ದೋಣಿಯ ಹಿಂಬದಿಗೆ ಮುಖಮಾಡಿ ಕೂತು, ಸುತ್ತಿದ ಚೆಂಡುಗಳನ್ನು ಕೂಗಿ ಹೇಳುವ ಕೆಲಸವೂ ಅವನದೇ.

"ನಿನ್ನ ಹಳೇದು ಲಾರಿ ಇದ್ದ ಹಾಗಿತ್ತು," ಎಂದು ಅವನು ಮೊದಲ ದಿನವೇ ಶುರುಮಾಡಿದ. "ಇದು ಹಂಗಲ್ಲ. ನೀನು ಯೋಚ್ನೆ ಮಾಡೋಷ್ಟರಲ್ಲಿ ತಿರುಗಿರುತ್ತೆ. ಅವಸರ ಮಾಡ್ಬೇಡ. ಎದೆ ಎತ್ತಿ ನಿಂತ್ಕೊ, ಸೊಂಟ ಮುಂದಕ್ಕೆ ತಗೊ, ಹಗ್ಗದ ಹಿಡೀನ ಹೊಟ್ಟೆ ಹತ್ರ ಇಟ್ಕೊ."

"ನೀನು ಕೊನೇ ಸಲ ನೀರಿಗಿಳಿದಿದ್ದು ಯಾವಾಗ ಹಾರ್ಲನ್?" ಎಂದಳು ವರ್ಲೀನ್.

"ನಾನ್ಯಾಕೆ ಇಳೀಲಿ. ಬೀಳೋರನ್ನ ನೋಡೋದೇ ಸುಖ."

ಅವಳು ಬಿದ್ದಳು. ಬಿದ್ದದ್ದೆಲ್ಲ ಬಲಗಡೆಯ ಚೆಂಡುಗಳಲ್ಲಿ. ಬಲಗಡೆಯ ಚೆಂಡನ್ನು ಸುತ್ತುವಾಗ ಬಲಗೈ ಬಿಟ್ಟು, ರೆಪ್ಪೆ ಬಡಿಯುವಷ್ಟು ಹೊತ್ತು ಹಗ್ಗದ ಹಿಡಿಯನ್ನು ಎಡಗೈ ಒಂದರಲ್ಲೇ ಹಿಡಿದು ಚಾಚಬೇಕು, ಆಮೇಲೆ ಮತ್ತೆ ಎರಡೂ ಕೈ. ಸರಿಯಾಗಿ ಅಲ್ಲೇ ಹಿಡಿ ಕೈಯಿಂದ ಕಿತ್ತು ಹೋಗುತ್ತಿತ್ತು. ದಡದಲ್ಲಿ ಕಾಫಿ ಹಿಡಿದು ನಿಂತವರೆಲ್ಲ ಒಂದೇ ತೀರ್ಪು ಕೊಟ್ಟರು: ಹೊಸ ಸ್ಕೀ ಬೇಗ ತಿರುಗುತ್ತದೆ, ಹಗ್ಗ ಸಡಿಲವಾಗುತ್ತದೆ, ಆಮೇಲೆ ದೋಣಿ ಜಗ್ಗಿದಾಗ ಕೈಯಲ್ಲಿ ನಿಲ್ಲುವುದಿಲ್ಲ. ಹಾರ್ಲನ್ ರೆಕ್ಕೆಯನ್ನು ಮುಂದೆ ಸರಿಸಿದ. ಆಗಲಿಲ್ಲ. ಹಿಂದೆ ಸರಿಸಿದ. ಸ್ಕೀಯ ಮೇಲೆ ಕಾಲಿಡುವ ಬೂಟುಗಳನ್ನು ಬಿಚ್ಚಿ ಬೇರೆ ತೂತಿಗೆ ಹಾಕಿದ. ನೆಟ್ಟಗಿದ್ದುದನ್ನು ಕೆಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೂ ಪ್ರೀತಿಯಿಂದ ಕೆಡಿಸಿದ.

ಅವಳು ಸುಮ್ಮನೆ ಕೂರುವ ಜಾತಿಯಲ್ಲ. ದಡದ ಸೈಪ್ರೆಸ್ ಮರಕ್ಕೆ ಹಗ್ಗ ಕಟ್ಟಿ, ಹುಲ್ಲಿನ ಮೇಲೆ ನಿಂತು ಸೊಂಟ ಮುಂದೆ ತರುವುದನ್ನು ಕಲಿತಳು. ದೋಣಿಯ ಅಲೆ ದಾಟುವವರೆಗೂ ಅವಸರಿಸದೆ ಕಾಯುವುದನ್ನು ಕಲಿತಳು. ಎಡಗಡೆಯ ಚೆಂಡುಗಳಲ್ಲಿ ಅವಳು ತಿರುಗುವುದನ್ನು ದೋಣಿಯ ಕನ್ನಡಿಯಲ್ಲಿ ನೋಡಿದರೆ ಕಣ್ಣು ತುಂಬುತ್ತಿತ್ತು. ಅಪ್ಪ ಇದ್ದಿದ್ದರೆ ನೋಡಬೇಕಿತ್ತು. ಅಷ್ಟು ಚೆಂದ ಅವಳು ಹರೆಯದಲ್ಲೂ ಆಡಿರಲಿಲ್ಲ.

ಬಲಗಡೆಗೆ ಬಂದರೆ ಮಾತ್ರ ಧಡಾರ್.

"ಎಡಗೈಗೆ ಬೆಣ್ಣೆ ಸವರ್ಕೊಂಡು ಬಂದಿದ್ದೀಯಾ?" ಎಂದು ನಾನು ರೇಗುತ್ತಿದ್ದೆ.

"ಕೈಗೇನಾಗಿಲ್ಲ ಅಕ್ಕ. ಇದೇ ಕಿತ್ಕೊಳ್ಳುತ್ತೆ. ದರಿದ್ರದ್ದು."

ಶಾಲೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡಿನ ದೊಡ್ಡ ಟ್ರೇ ಕೈಜಾರಿ ಬಿತ್ತೆಂದು ಒಂದು ದಿನ ನಗುತ್ತಾ ಹೇಳಿದಳು. ಮಕ್ಕಳು ಚಪ್ಪಾಳೆ ಹೊಡೆದವಂತೆ. ನಾವೂ ನಕ್ಕೆವು.

ಜುಲೈನಲ್ಲಿ ಹಾರ್ಲನ್ ಸೋತು ಕೈಚೆಲ್ಲಿದ. "ಒಂದ್ಸಲ ಹಳೇದರ ಮೇಲೆ ಹೋಗು. ಅದರ ಮೇಲೆ ಸರಿಹೋದ್ರೆ ಇದನ್ನ ವಾಪಸ್ ಕೊಟ್ಟುಬಿಡೋಣ," ಎಂದ. ಹಗ್ಗವನ್ನು ಪೂರ್ತಿ ಉದ್ದ ಬಿಟ್ಟ. ಕಲಿಯುವ ಮಕ್ಕಳೂ ಸುತ್ತುವ ಉದ್ದ. ವರ್ಲೀನ್ ಹಳೆಯ ಸ್ಕೀ ಕಟ್ಟಿಕೊಂಡು ಹೊರಟಳು. ಮೊದಲ ಚೆಂಡು ಹೇಗೋ ಆಯಿತು. ಎರಡಾಯಿತು. ಮೂರನೆಯದು ಬಲಗಡೆ. ಹಿಡಿ ಕಿತ್ತು ಬಂದು ದೋಣಿಯ ಹಿಂದೆ ನೀರಿನ ಮೇಲೆ ಕುಣಿಯತೊಡಗಿತು.

ನಾನು ದೋಣಿ ತಿರುಗಿಸಿಕೊಂಡು ಹತ್ತಿರ ಹೋದೆ. ಹಾರ್ಲನ್ ಸ್ಕ್ರೂಡ್ರೈವರನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಅವಳು ತೇಲುತ್ತಾ, ಎಡಗೈಯ ಗ್ಲೋವ್ ತೆಗೆದು ಕೈಯನ್ನು ನೀರಿನ ಮೇಲೆ ಹಿಡಿದು ನೋಡುತ್ತಿದ್ದಳು. ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿಬಿದ್ದಿತ್ತು. ಮುಷ್ಟಿ ಕಟ್ಟಿದಳು. ಕಟ್ಟಿದ್ದು ಮುಷ್ಟಿಯಾಗಲಿಲ್ಲ.

"ಅಕ್ಕ," ಎಂದಳು. "ಸ್ಕೀ ಸರಿಯಾಗೇ ಇದೆ."

ಒರ್ಲ್ಯಾಂಡೊದ ಡಾಕ್ಟರು ನಿಧಾನವಾಗಿ, ಒಳ್ಳೆಯ ಮಾತಿನಲ್ಲೇ ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈಯಲ್ಲಿ ಶುರುವಾಗಿದೆ, ಕೈಯಲ್ಲಿ ನಿಲ್ಲುವುದಿಲ್ಲ. ವಾಸಿಮಾಡುವ ಮದ್ದಿಲ್ಲ. ವಾಪಸ್ ಬರುವ ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡೆ, ಏನಾದರೂ ಮಾಡಬೇಕಲ್ಲ ಎಂದು. ಅವಳಿಗೆ ಸಿಪ್ಪೆ ಒಡೆಯಲಾಗಲಿಲ್ಲ. ಕಾರು ನಿಲ್ಲಿಸಿ ಒಂದೊಂದೇ ಸುಲಿದು ಕೊಟ್ಟೆ, ತಿಂದಳು.

"ಇನ್ನೆಷ್ಟು ದಿನ ಹಗ್ಗ ಹಿಡೀಬೋದು ಅಂತ ನಾವು ಅವರನ್ನ ಕೇಳ್ಲೇ ಇಲ್ಲ," ಎಂದಳು.

"ಬಾಯ್ಮುಚ್ಕೊಂಡು ತಿನ್ನು ವರ್ಲೀನ್."

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ದೇವರ ಹೆಸರನ್ನೇ ಹೇಳುತ್ತಿದ್ದೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳಾದರೂ.

ಮರುದಿನವೇ ವರ್ಲೀನ್ ದೋಣಿಕಟ್ಟೆಗೆ ಬಂದು ಹಾರ್ಲನ್‌ಗೆ ಹೊಸ ಸ್ಕೀಯ ರೆಕ್ಕೆಯನ್ನು ಮೊದಲಿದ್ದ ಹಾಗೇ ಕೂರಿಸಲು ಹೇಳಿದಳು. ಬಲಗಡೆಯ ಚೆಂಡುಗಳಲ್ಲಿ ಕೈ ಬಿಡುವುದೇ ಇಲ್ಲ, ಎರಡೂ ಕೈಯಲ್ಲಿ ಹಿಡಿದೇ ತಿರುಗುತ್ತೇನೆ ಎಂದಳು.

"ಆಗಲ್ಲ ಕಣಮ್ಮ," ಎಂದ ಹಾರ್ಲನ್. "ಹಸಿರು ಕುಣಿಕೇಲಿ ಕೈ ಚಾಚದೆ ಅಲ್ಲಿವರೆಗೆ ಮುಟ್ಟೋದು ಹೆಂಗೆ?"

"ಮುಂಚೇನೇ ಅಗಲಕ್ಕೆ ಹೋಗಿರ್ತೀನಿ. ಇದು ಬೇಗ ತಿರುಗುತ್ತೆ ಅಂತ ನೀನೇ ತಾನೇ ಹೇಳಿದ್ದು."

ಆಗಸ್ಟ್ ಪೂರ್ತಿ ಬಿದ್ದಳು. ದಡದಲ್ಲಿ ಕಾಫಿ ಹಿಡಿದು ನಿಲ್ಲುವವರು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ನೋಡಲಾಗುತ್ತಿರಲಿಲ್ಲ, ಅವರನ್ನೇನು ಅನ್ನುವುದು. ಒಂದು ಶನಿವಾರ ಬೆಳಿಗ್ಗೆ ಗಾಳಿ ಇರಲಿಲ್ಲ, ಕೆರೆ ಅಲುಗದೆ ಮಲಗಿತ್ತು. ಉದ್ದದ ಹಗ್ಗದಿಂದ ಶುರುಮಾಡಿ ಒಂದೊಂದೇ ಕುಣಿಕೆ ಇಳಿದು ಹಸಿರಿಗೆ ಬಂದಳು. ನಾನು ಸ್ಟೀರಿಂಗ್ ಬಿಗಿಹಿಡಿದು ಮುಂದೆಯೇ ನೋಡುತ್ತಿದ್ದೆ, ಕನ್ನಡಿ ನೋಡುವ ಧೈರ್ಯ ಇರಲಿಲ್ಲ. ಹಿಂದಿನಿಂದ ಹಾರ್ಲನ್ ಕೂಗುತ್ತಿದ್ದ. ಒಂದು. ಎರಡು. ಮೂರು. ನಾಲ್ಕು. ಐದಕ್ಕೆ ಅವನ ದನಿ ಒಡೆಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಿದ್ದಳು ಎಂದುಕೊಂಡೆ. ಕನ್ನಡಿ ನೋಡಿದರೆ ಆರನೆಯ ಚೆಂಡು ಅವಳ ಹಿಂದೆ ಉಳಿದಿತ್ತು, ಅವಳು ದಾರಿ ಮುಗಿಯುವಲ್ಲಿನ ಎರಡು ಗುರುತುಗಳ ನಡುವೆ ನೆಟ್ಟಗೆ ನಿಂತು ಬರುತ್ತಿದ್ದಳು. ಹಾರ್ಲನ್ ಬಾಯಿಗೆ ಟೋಪಿ ಒತ್ತಿಕೊಂಡು ಕೂತಿದ್ದ.

ಕೆರೆಯ ತುದಿಯಲ್ಲಿ ಅವಳು ಹಗ್ಗ ಬಿಟ್ಟು ನೀರಿಗಿಳಿದಳು. ನಾನು ಸಂತೋಷಕ್ಕೆ ಹುಚ್ಚಿಯ ಹಾಗೆ ಕೂಗುತ್ತಾ ದೋಣಿ ತಿರುಗಿಸಿದೆ. ಅಷ್ಟರಲ್ಲಿ ಹಾರ್ಲನ್ ಹಗ್ಗವನ್ನು ನೀಲಿ ಕುಣಿಕೆಗೆ ಹಾಕಿ ಅವಳ ಕಡೆ ಎಸೆದೂ ಆಗಿತ್ತು. ನಮ್ಮ ಆಟದಲ್ಲಿ ಆರೂ ಸುತ್ತಿದವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಹಗ್ಗ ಗಿಡ್ಡ ಮಾಡುತ್ತಾ, ಬೀಳುವವರೆಗೆ ಹೋಗುವುದು. ಎಂಥ ಶೂರನ ದಿನವಾದರೂ ಮುಗಿಯುವುದು ಬಿದ್ದೇ.

"ನೀಲಿಗೆ ಹಾಕಿದ್ದೀವಿ ಕಣೇ," ಎಂದೆ. "ರೆಡಿನಾ?"

ಹಗ್ಗದ ಹಿಡಿ ತೇಲುತ್ತಾ ಅವಳ ಪಕ್ಕದಲ್ಲೇ ಹಾದುಹೋಯಿತು. ಅವಳು ಕೈಚಾಚಲಿಲ್ಲ.

"ಸಾಕು ಅಕ್ಕ."

"ಏನು ಸಾಕು?"

"ಹಗ್ಗ ಸುತ್ತಿಡು ಅಂತ ಹಾರ್ಲನ್‌ಗೆ ಹೇಳು. ಇನ್ನು ಹಿಡಿಯಕ್ಕಾಗಲ್ಲ ನಂಗೆ."

ನಾನು ಎಂಜಿನ್ ಆರಿಸಿದೆ. ಅವಳಿಗೆ ದೋಣಿ ಹತ್ತಲಾಗಲಿಲ್ಲ. ಹಿಂಬದಿಯ ಹಲಗೆಯ ಮೇಲೆ ಬೋರಲು ಮಲಗಿ, ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದುಕೊಂಡೆ. ಬಂದವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಡಾಕ್ಟರ ಮುಂದೆ ಒಂದು ಹನಿ ಹಾಕದವಳು, ಬಿಕ್ಕಿ ಬಿಕ್ಕಿ ಅತ್ತಳು.

"ಗೆದ್ದೆಯಲ್ಲೇ," ಎಂದೆ. "ಆರೂ ಸುತ್ತಿದೆಯಲ್ಲೇ ನನ್ನವ್ವಾ."

"ಆರನೇದ್ರಲ್ಲಿ ಬಿದ್ದಿದ್ರೆ ಚೆನ್ನಾಗಿತ್ತು ಅಕ್ಕ," ಎಂದಳು. "ನಾಳೆ ಮತ್ತೆ ಬರಬೋದಿತ್ತು."